ಹಿಂದೀಪ ಉರಿಯದ ಗಾಡಿಗೆ ದುರಸ್ತಿಯ ಹೆಸರು ಬೇಡ

ಹಳೆಯದನ್ನು ಎಸೆಯದೆ ದುರಸ್ತಿ ಮಾಡಿ ಬಳಸಬೇಕೆಂಬುದು ಪರಿಸರ ಚಳವಳಿ ಮೊದಲಿನಿಂದಲೂ ಹೇಳುತ್ತ ಬಂದಿರುವ ಮಾತು. ಕೊಡೆಗೆ, ಚಪ್ಪಲಿಗೆ, ಪಂಪ್‌ಸೆಟ್ಟಿಗೆ, ಹಂಚಿನ ಮನೆಗೆ ಈ ಮಾತು ಸಲ್ಲುತ್ತದೆ. ಇಪ್ಪತ್ತು ವರ್ಷ ದುಡಿದ ಪಿಕಪ್ ಗಾಡಿಗೂ ಸಲ್ಲುತ್ತದೆ. ಆದರೆ ಈ ಮಾತಿಗೊಂದು ಕರಾರು ಇದೆ. ಅದನ್ನು ಹೇಳುವವರು ಕಡಿಮೆ, ಪಾಲಿಸುವವರು ಇನ್ನೂ ಕಡಿಮೆ. ದುರಸ್ತಿ ಎಂದರೆ ಪೂರ್ತಿ ದುರಸ್ತಿ. ಎಂಜಿನ್ನು ಓಡಿದರೆ ಸಾಕು, ಹಿಂದಿನ ದೀಪ ಉರಿಯದಿದ್ದರೂ ನಡೆಯುತ್ತದೆ ಎನ್ನುವವನು ಹಳೆಯದನ್ನು ಉಳಿಸುತ್ತಿಲ್ಲ. ತನ್ನ ಖರ್ಚನ್ನು ಹಿಂದೆ ಬರುವ ಅಪರಿಚಿತನ ಪ್ರಾಣದ ಮೇಲೆ ಹೊರಿಸುತ್ತಿದ್ದಾನೆ. ಕಾರ್ಖಾನೆಯೊಂದು ತನ್ನ ಕೊಳೆಯನ್ನು ಹೊಳೆಗೆ ಬಿಟ್ಟು ಲಾಭ ಎಣಿಸಿಕೊಳ್ಳುವುದಕ್ಕೂ ಇದಕ್ಕೂ ತತ್ವದಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಈ ಪ್ರಶ್ನೆ ಕಣ್ಣಿಗೆ ರಾಚುವಂತೆ ಕಾಣುತ್ತದೆ. ಅಲ್ಲಿನ ಬದುಕೆಲ್ಲ ಸಣ್ಣ ಗಾಡಿಗಳ ಬೆನ್ನಿನ ಮೇಲೆ ಸಾಗುತ್ತದೆ. ತೋಟದಿಂದ ಮನೆಗೆ ಕಾಯಿ, ಮನೆಯಿಂದ ತಿಪಟೂರಿನ ಮಾರುಕಟ್ಟೆ ಪ್ರಾಂಗಣಕ್ಕೆ ಕೊಬ್ಬರಿ, ಸುಲಿದ ಕಡೆಯಿಂದ ನಾರಿನ ಕಾರ್ಖಾನೆಗೆ ಮಟ್ಟೆ, ಅಲ್ಲಿಂದ ನರ್ಸರಿಗಳಿಗೆ ನಾರಿನ ಪುಡಿ, ಮದ್ದೂರಿನ ಕಡೆಗೆ ಎಳನೀರು. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೇರಿಸಿದ ಕಾಯಿ ಒಣಗಿ ಕೊಬ್ಬರಿಯಾಗಲು ವರ್ಷದ ಬಹುಪಾಲು ಹಿಡಿಯುವುದರಿಂದ, ಒಬ್ಬರಲ್ಲದಿದ್ದರೆ ಒಬ್ಬರ ಮನೆಯಿಂದ ಹೊರೆ ಹೊರಡುತ್ತಲೇ ಇರುತ್ತದೆ. ಹೊರಡುವುದು ಬೆಳಗಿನ ಜಾವ, ಹಿಂದಿರುಗುವುದು ಕತ್ತಲಾದ ಮೇಲೆ. ಇವಕ್ಕೆಲ್ಲ ಬಳಕೆಯಾಗುವ ಗಾಡಿಗಳಲ್ಲಿ ಹಲವು ಊರಿಗೆ ಬರುವಾಗಲೇ ಎರಡು ಮೂರು ಕೈ ದಾಟಿರುತ್ತವೆ.

ಮಲೆನಾಡಿನ ಓದುಗರು ಇದನ್ನು ಬಯಲುಸೀಮೆಯ ಸಂಗತಿಯೆಂದು ಬದಿಗೆ ಸರಿಸುವಂತಿಲ್ಲ. ತುಮಕೂರಿನಿಂದ ತಿಪಟೂರು, ಅರಸೀಕೆರೆಗಳನ್ನು ಹಾಯುವ ರಾಷ್ಟ್ರೀಯ ಹೆದ್ದಾರಿ 73 ಬೇಲೂರು, ಮೂಡಿಗೆರೆಗಳ ಮೂಲಕ ಚಾರ್ಮಾಡಿ ಘಾಟಿ ಇಳಿದು ಮಂಗಳೂರು ಸೇರುತ್ತದೆ. ಹುಳಿಯಾರು, ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳ ಮೇಲೆ ಹೋಗುವ 150ಎ ಹೆದ್ದಾರಿ ಅದನ್ನು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಹಾಯುತ್ತದೆ. ಕ್ರಾಸಿನ ಬಳಿ ದೀಪವಿಲ್ಲದೆ ಹೊರಟ ಗಾಡಿ ಚಾರ್ಮಾಡಿಯ ಮಂಜಿನಲ್ಲಿಯೂ ದೀಪವಿಲ್ಲದ ಗಾಡಿಯೇ. ಅಡಿಕೆ, ಕಾಫಿ, ಶುಂಠಿ ಹೊರುವ ಘಟ್ಟದ ಪಿಕಪ್ಪುಗಳ ಬೆನ್ನು ನೋಡಿದವರಿಗೆ, ಬುದ್ಧಿ ಹೇಳುವ ಅಧಿಕಾರ ಒಂದೇ ಸೀಮೆಯವರಿಗೆ ಇಲ್ಲವೆಂಬುದೂ ಗೊತ್ತಿದೆ.

ಕತ್ತಲೆಯ ಲೆಕ್ಕ

ಹಿಂದೀಪವನ್ನು ದಂಡದ ವಿಷಯವೆಂದು ತಿಳಿದವರು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಕ್ರಮಿಸುತ್ತದೆ. ಎದುರಿಗೆ ಅಡ್ಡಿಯಿದೆಯೆಂದು ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕಾಲು ಬ್ರೇಕನ್ನು ಮೆಟ್ಟುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದರೆ 25 ಮೀಟರ್ ಹೋಯಿತು. ಅನಂತರ ಗಾಡಿ ನಿಲ್ಲಲು ಒಣ ರಸ್ತೆಯಲ್ಲಿಯೂ ಹೆಚ್ಚುಕಡಿಮೆ 28 ಮೀಟರ್ ಬೇಕು. ಒಟ್ಟು 53 ಮೀಟರ್. ತಗ್ಗಿಸಿದ ಹೆಡ್‌ಲೈಟಿನ ಬೆಳಕಿನಲ್ಲಿ ಮಟ್ಟೆಯ ಹೊರೆಯಂಥ ಕಂದುಬಣ್ಣದ ವಸ್ತು ಮೂವತ್ತು ನಲವತ್ತು ಮೀಟರ್ ಹತ್ತಿರವಾಗುವವರೆಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಪಂಕ್ಚರಾಗಿ ನಿಂತ, ಅಥವಾ ತೋಟದ ಅಂಚಿನಲ್ಲಿ ಕಾಯಿ ತುಂಬಲು ನಿಲ್ಲಿಸಿದ ದೀಪವಿಲ್ಲದ ಪಿಕಪ್ಪನ್ನು ಕಾಣುವ ಹೊತ್ತಿಗೆ ಬೈಕಿನವನ ಪಾಲಿಗೆ ರಸ್ತೆ ಮುಗಿದಿರುತ್ತದೆ. ಅವನು ಕುಡಿದಿರಬೇಕಿಲ್ಲ, ಅತಿವೇಗದಲ್ಲಿ ಇರಬೇಕಿಲ್ಲ. ಲೆಕ್ಕವೇ ಅವನನ್ನು ಕೊಲ್ಲುತ್ತದೆ.

ಇದೇ ಕಾರಣಕ್ಕೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕೆನ್ನುತ್ತವೆ. ನೋಂದಣಿ ಫಲಕ 15 ಮೀಟರಿನಿಂದ ಓದಲು ಬರುವಂತೆ ಬೆಳಕು ಬೀಳಬೇಕೆನ್ನುತ್ತವೆ. ಹಿಂಬದಿಯ ಎರಡೂ ಪಕ್ಕದಲ್ಲಿ ಕೆಂಪು ಪ್ರತಿಫಲಕ ಇರಬೇಕೆನ್ನುತ್ತವೆ. 155 ಮೀಟರ್ ಎಂದರೆ 60ರ ವೇಗದವನಿಗೆ ಒಂಬತ್ತು ಸೆಕೆಂಡು. ಒಂದು ಜೀವ ಉಳಿಯಲು ಅಷ್ಟು ಧಾರಾಳವಾಗಿ ಸಾಕು. 1988ರ ಮೋಟಾರು ವಾಹನ ಕಾಯ್ದೆಯ 190ನೆಯ ಸೆಕ್ಷನ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಚಾಲಕನಿಗೆ ಗೊತ್ತಿದ್ದ ದೋಷವಷ್ಟೇ ಅಲ್ಲ, ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದೋಷವೂ ಅವನ ಹೊಣೆಯೇ. ‘ಹಿಂದೆ ಉರಿಯುತ್ತಿಲ್ಲವೆಂದು ನನಗೆ ಗೊತ್ತಿರಲಿಲ್ಲ’ ಎಂಬ ನೆಪಕ್ಕೆ ಕಾನೂನಿನಲ್ಲಿ ಎಡೆಯಿಲ್ಲ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅಪಘಾತದ ಬಗೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಹಿಂದಿನಿಂದ ಗುದ್ದಿದ್ದು. ಐದರಲ್ಲಿ ಒಂದು ಅಪಘಾತ ಆ ಬಗೆಯದು. ಅವೆಲ್ಲ ಹಿಂದೀಪವಿಲ್ಲದೆ ಆದವೆಂದು ಯಾರೂ ಹೇಳಲಾರರು. ಆದರೆ ಮುಂದಿನ ಗಾಡಿ ಕಾಣದೆ ಆಗುವ ಸಾವು, ಒಂದು ಬಲ್ಬು ಮತ್ತು ಎರಡು ಮಾರು ತಂತಿಯಿಂದ ತಪ್ಪಿಸಬಹುದಾದ ಸಾವು. ತಪ್ಪಿಸಬಹುದಾದ ಸಾವನ್ನು ಹಣೆಬರಹವೆನ್ನುವುದು ಹೇಡಿತನ.

ತೆಂಗಿನ ಸೀಮೆಯಲ್ಲಿ ತಂತಿ ಏಕೆ ಬೇಗ ಸಾಯುತ್ತದೆ

ಪಿಕಪ್ಪಿನ ಮುಂದಿನ ದೀಪ ಕೆಟ್ಟರೆ ಚಾಲಕನಿಗೆ ಆ ಕ್ಷಣವೇ ತಿಳಿಯುತ್ತದೆ, ಅಂದೇ ಸರಿಪಡಿಸಿಕೊಳ್ಳುತ್ತಾನೆ. ಹಿಂದಿನದು ಕೆಟ್ಟರೆ ತಿಳಿಯುವುದು ಹಿಂದೆ ಬರುವವನಿಗೆ. ಕೆಡಿಸುವ ಕಾರಣಗಳೆಲ್ಲ ಹಿಂಬದಿಯಲ್ಲಿಯೇ ಕೂಡಿಕೊಂಡಿರುವುದು ಈ ಗಾಡಿಗಳ ದುರದೃಷ್ಟ.

ಮೊದಲನೆಯದು ಹೊರೆಯ ಸ್ವಭಾವ. ತೆಂಗಿನ ಮಟ್ಟೆಯಲ್ಲಿ ಪೊಟ್ಯಾಷ್ ಲವಣ ಹೇರಳವಾಗಿರುತ್ತದೆ. ಮಟ್ಟೆಯ ಬೂದಿಯನ್ನು ತೋಟಕ್ಕೆ ಹಾಕುವ ರೂಢಿ ಅದಕ್ಕೇ ಬಂದದ್ದು. ನಾರಿನ ಪುಡಿಯನ್ನು ನೀರಿನಲ್ಲಿ ತೊಳೆದು ಲವಣ ಇಳಿಸದೆ ಸಸಿ ಇಟ್ಟರೆ ಸಸಿ ಸೊರಗುತ್ತದೆಂದು ನರ್ಸರಿಯವರು ಬಲ್ಲರು. ಅದೇ ಪುಡಿ ಗಾಡಿಯ ತಳದ ಮೂಲೆಗಳಲ್ಲಿ, ದೀಪದ ಗೂಡಿನಲ್ಲಿ, ಚಾಸಿಯ ಸಂದಿನಲ್ಲಿ ಕೂರುತ್ತದೆ. ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿ ದಿನಗಟ್ಟಲೆ ತೇವವಾಗಿರುತ್ತದೆ. ಉಪ್ಪು ಬೆರೆತ ತೇವ ಕಬ್ಬಿಣಕ್ಕೂ ತಾಮ್ರಕ್ಕೂ ಹಗೆ. ಹಸಿ ಮಟ್ಟೆಯ ಒಗರು ರಸ ಕತ್ತಿಯನ್ನು ಕಪ್ಪಾಗಿಸುವುದನ್ನು ಕಾಯಿ ಸುಲಿಯುವವರು ದಿನವೂ ಕಾಣುತ್ತಾರೆ. ಬಲ್ಬಿನ ಹೋಲ್ಡರಿನ ತಗಡಿಗೆ ಆ ರಸ ಕನಿಕರ ತೋರಿಸುವುದಿಲ್ಲ.

ಎರಡನೆಯದು ಇಲಿ. ಕೊಬ್ಬರಿಯ ವಾಸನೆ ಇರುವಲ್ಲಿ ಇಲಿ ಇರುತ್ತದೆ. ಇಲಿ ಇರುವಲ್ಲಿ ತಂತಿಯ ಹೊದಿಕೆ ಉಳಿಯುವುದಿಲ್ಲ. ಮೂರನೆಯದು ಕುಲುಕಾಟ. ತೋಟದ ದಾರಿಯ ಕೊರಕಲುಗಳಲ್ಲಿ ಗಾಡಿಯ ಹಿಂಭಾಗ ಕುಣಿಯುವಷ್ಟು ಮುಂಭಾಗ ಕುಣಿಯುವುದಿಲ್ಲ. ಚಾಸಿಯ ತೂತಿನಲ್ಲಿ ತಂತಿ ಹಾಯುವ ಕಡೆಯ ರಬ್ಬರು ಬಿದ್ದುಹೋದರೆ, ತಗಡಿನ ಅಂಚು ಗರಗಸದಂತೆ ಹೊದಿಕೆಯನ್ನು ಕೊಯ್ಯುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಅಲಕ್ಷಿತ: ಅರ್ತ್. 12 ವೋಲ್ಟಿನ ಗಾಡಿಯಲ್ಲಿ ವಿದ್ಯುತ್ತು ಬ್ಯಾಟರಿಯಿಂದ ತಂತಿಯಲ್ಲಿ ಹೋಗಿ ಗಾಡಿಯ ಕಬ್ಬಿಣದ ಮೈಯ ಮೂಲಕ ಹಿಂದಿರುಗುತ್ತದೆ. ಮೈ ತುಕ್ಕು ಹಿಡಿದರೆ ಹಿಂದಿರುಗುವ ದಾರಿ ಮುಚ್ಚುತ್ತದೆ. ಬ್ರೇಕಿನ 21 ವ್ಯಾಟಿನ ಎರಡು ಬಲ್ಬುಗಳು ಒಂದೇ ಅರ್ತನ್ನು ಹಂಚಿಕೊಂಡು, ಆ ಕೂಡಿನಲ್ಲಿ ಅರ್ಧ ಓಮ್‌ನಷ್ಟು ತುಕ್ಕಿನ ತಡೆ ಸೇರಿತೆಂದು ಇಟ್ಟುಕೊಳ್ಳಿ. ಬಲ್ಬಿಗೆ ಸಿಗಬೇಕಾದ 12 ವೋಲ್ಟಿನಲ್ಲಿ ಸುಮಾರು ಒಂದೂವರೆ ವೋಲ್ಟು ತುಕ್ಕಿನಲ್ಲಿಯೇ ಇಂಗುತ್ತದೆ. ವೋಲ್ಟು ಎಂಟರಲ್ಲಿ ಒಂದು ಪಾಲು ಇಳಿದರೆ ಬೆಳಕು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿಯುತ್ತದೆ. ಎಳೆಯ ಬಲ್ಬಿನ ಸ್ವಭಾವವೇ ಹಾಗೆ. ಹಗಲಿನಲ್ಲಿ ಗ್ಯಾರೇಜಿನ ನೆರಳಲ್ಲಿ ನೋಡಿದವನು ‘ಉರಿಯುತ್ತಿದೆಯಲ್ಲ’ ಎಂದು ಕೈ ಒರೆಸಿಕೊಳ್ಳುತ್ತಾನೆ. ರಾತ್ರಿ ಮಳೆಯಲ್ಲಿ ಆ ಬೆಳಕು ಕೆಂಪು ಮಸಿಯಂತೆ ಕಾಣುತ್ತದೆ.

ಅರ್ತ್ ಕೆಟ್ಟ ಗಾಡಿಯನ್ನು ಗುರುತಿಸುವುದು ಸುಲಭ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂದವಾಗಿ ಹೊತ್ತಿಕೊಳ್ಳುತ್ತದೆ. ಇಂಡಿಕೇಟರ್ ಹಾಕಿದರೆ ಹಿಂದೀಪವೂ ಜೊತೆಗೆ ಮಿಣುಕುತ್ತದೆ. ಬ್ರೇಕ್ ಮೆಟ್ಟಿದಾಗ ಹಿಂದೀಪ ಆರಿಯೇ ಹೋಗುವುದುಂಟು. ತನ್ನ ದಾರಿ ಮುಚ್ಚಿದ್ದರಿಂದ ವಿದ್ಯುತ್ತು ಪಕ್ಕದ ಬಲ್ಬಿನ ದಾರಿ ಹಿಡಿಯುತ್ತದೆ. ಇದನ್ನು ಕಂಡು ಬಲ್ಬು ಬದಲಿಸುವವನು ತೆಂಗಿನ ಬೇರು ಕೊಳೆತಿರುವಾಗ ಗರಿಗೆ ಔಷಧಿ ಸಿಂಪಡಿಸುವವನಂತೆ.

ತೇಪೆಯೆಂಬ ವಂಚನೆ

ಹೀಗೆ ಕೆಟ್ಟ ದೀಪಕ್ಕೆ ನಡೆಯುವ ಚಿಕಿತ್ಸೆ ಎಂಥದ್ದು? ಕತ್ತರಿಸಿದ ತಂತಿಯ ತುದಿಗಳನ್ನು ಹಲ್ಲಿನಲ್ಲಿ ಸುಲಿದು, ಹೊಸೆದು, ಕಪ್ಪು ಟೇಪು ಸುತ್ತುತ್ತಾರೆ. ಒಂದು ಮಳೆಗಾಲದೊಳಗೆ ಟೇಪಿನ ಅಂಟು ಬಿಡುತ್ತದೆ, ಒಳಗೆ ತಾಮ್ರ ಹಸಿರಾಗುತ್ತದೆ. ಮನೆಯ ವೈರಿಂಗಿನಲ್ಲಿ ಉಳಿದ ಒಂಟಿ ಎಳೆಯ ತಂತಿಯನ್ನು ಗಾಡಿಗೆ ಎಳೆಯುತ್ತಾರೆ. ಗೋಡೆಯೊಳಗೆ ಅಲುಗಾಡದೆ ಇರಬೇಕಾದ ಆ ತಂತಿ ಕುಲುಕಾಟಕ್ಕೆ ತುಂಡಾಗುತ್ತದೆ. ಫ್ಯೂಸು ಮತ್ತೆ ಮತ್ತೆ ಹೋಗುತ್ತದೆಯೆಂದು ಅದರ ಜಾಗಕ್ಕೆ ತಾಮ್ರದ ಎಳೆ ಸುತ್ತುತ್ತಾರೆ. ಫ್ಯೂಸು ಹೋಗುವುದು ಗಾಡಿ ಕೊಡುವ ದೂರು. ಅದರ ಬಾಯಿ ಕಟ್ಟಿದರೆ ದೂರು ಬೆಂಕಿಯಾಗಿ ಬರುತ್ತದೆ. ಒಣಗಿದ ಕೊಬ್ಬರಿಯ ತೂಕದಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಪಾಲು ಎಣ್ಣೆ. ಅಂಥ ಹೊರೆಯ ಕೆಳಗೆ ಫ್ಯೂಸಿಲ್ಲದ ತಂತಿ ಎಳೆಯುವವನಿಗೆ ಏನೆನ್ನಬೇಕು?

ಎರಡು ಎಳೆಯ 21/5 ವ್ಯಾಟಿನ ಬಲ್ಬಿನ ಮೊಳೆಗಳು ಒಂದೇ ಎತ್ತರದಲ್ಲಿ ಇರುವುದಿಲ್ಲ. ತಪ್ಪು ಬದಿಯಿಂದ ತೂರಿಸಲು ಆಗಬಾರದೆಂದೇ ಹಾಗೆ ಮಾಡಿರುತ್ತಾರೆ. ಸವೆದ ಹೋಲ್ಡರಿನಲ್ಲಿ ಅದನ್ನು ಬಲವಂತವಾಗಿ ತಿರುಗಿಸಿ ಕೂರಿಸಿದರೆ 21 ವ್ಯಾಟಿನ ಎಳೆ ಸದಾ ಉರಿಯುತ್ತದೆ, ಬ್ರೇಕ್ ಹಾಕಿದಾಗ 5 ವ್ಯಾಟಿನ ಎಳೆ ಸೇರಿಕೊಳ್ಳುತ್ತದೆ. ಹಿಂದಿನವನಿಗೆ ಬ್ರೇಕ್ ಹಾಕಿದ್ದೇ ತಿಳಿಯುವುದಿಲ್ಲ. ದೀಪ ಉರಿಯುತ್ತಿದೆ, ಆದರೆ ಸುಳ್ಳು ಹೇಳುತ್ತಿದೆ.

ಇನ್ನು ಕೆಲವರಿಗೆ ಅಲಂಕಾರದ ಹುಚ್ಚು. ನೀಲಿ, ಹಸಿರು, ಮಿನುಗುವ ಎಲ್‌ಇಡಿ ಪಟ್ಟಿಗಳಿಗೆ ಹಣವಿದೆ. ಕೆಂಪು ದೀಪಕ್ಕೆ ಇಲ್ಲ. ಎಲ್‌ಇಡಿ ಕಡಿಮೆ ವಿದ್ಯುತ್ತಿನಲ್ಲಿ ಉರಿಯುವುದು ನಿಜ. ಆದರೆ ಎಳೆಯ ಬಲ್ಬಿಗೆಂದು ಮಾಡಿದ ಗೂಡಿನಲ್ಲಿ ಅಗ್ಗದ ಎಲ್‌ಇಡಿ ಕೂರಿಸಿದರೆ ಬೆಳಕು ಸರಿಯಾಗಿ ಹರಡುವುದಿಲ್ಲ. ಹಳೆಯ ಫ್ಲ್ಯಾಶರಿನಲ್ಲಿ ಇಂಡಿಕೇಟರ್ ಹುಚ್ಚುಹುಚ್ಚಾಗಿ ಬಡಿದುಕೊಳ್ಳುತ್ತದೆ. ಹಾಗೆಯೇ ಪ್ರತಿಫಲಕ ಪಟ್ಟಿ ಅಂಟಿಸಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಪಟ್ಟಿ ಬೇಕು, ಆದರೆ ಅದು ಕಾಣುವುದು ಹಿಂದಿನವನ ಬೆಳಕು ನೇರವಾಗಿ ಬಿದ್ದರೆ ಮಾತ್ರ; ಅದಕ್ಕೆ ಬ್ರೇಕ್ ಹಾಕಿದ್ದನ್ನು ಹೇಳಲು ಬಾರದು. ದೀಪ ಸರಿಯಿದ್ದರೂ ಮಟ್ಟೆಯನ್ನು ಅಗಲಕ್ಕೆ ಒಟ್ಟಿ, ಹಿಂದಿನ ಡೋರನ್ನು ಇಳಿಬಿಟ್ಟು, ಸೋಗೆಯನ್ನು ನೆಲಕ್ಕೆ ಜೋಲಿಸಿ ದೀಪವನ್ನೇ ಮುಚ್ಚಿಬಿಡುವುದು ಇನ್ನೊಂದು ಬಗೆ.

ಪೂರ್ತಿ ದುರಸ್ತಿ ಎಂದರೇನು

ಸರಿಯಾದ ಕೆಲಸ ರಹಸ್ಯವೇನಲ್ಲ. ಅರ್ಧ ದಿನದ ಶ್ರದ್ಧೆ ಸಾಕು. ಮೊದಲು ಬ್ಯಾಟರಿಯ ತಂತಿ ಬಿಚ್ಚಬೇಕು. ಹಲವು ಕೂಡುಗಳಿರುವ ಹಳೆಯ ಹಿಂಬದಿ ವೈರಿಂಗನ್ನು ಮತ್ತೆ ಕೂಡಿಸುತ್ತ ಕೂರದೆ, ಕ್ಯಾಬಿನ್ನಿನ ಹಿಂದಿನಿಂದ ಪೂರ್ತಿ ಹೊಸದಾಗಿ ಎಳೆಯಬೇಕು. ಹಿಂದೀಪಕ್ಕೊಂದು, ಬ್ರೇಕಿಗೊಂದು, ಎಡಬಲದ ಇಂಡಿಕೇಟರುಗಳಿಗೆ ಒಂದೊಂದು, ರಿವರ್ಸ್ ದೀಪಕ್ಕೊಂದು. ಇವಿಷ್ಟು ಬೇರೆ ಬೇರೆ ಬಣ್ಣದ ತಂತಿಗಳು. ಫಲಕದ ದೀಪವನ್ನು ಹಿಂದೀಪದ ತಂತಿಗೆ ಸೇರಿಸಿದರಾಯಿತು. ಹಲವು ಎಳೆಗಳ ತಾಮ್ರದ ಆಟೋ ಕೇಬಲ್ಲೇ ಆಗಬೇಕು. ಒಂದು ಚದರ ಮಿಲಿಮೀಟರಿನದು ಈ ದೀಪಗಳಿಗೆ ಸಾಕು.

ಆರನೆಯ ತಂತಿಯನ್ನು ಮರೆಯಬಾರದು. ಎರಡೂ ದೀಪಗಳಿಂದ ಅರ್ತಿಗೆಂದೇ ಪ್ರತ್ಯೇಕವಾಗಿ ಸ್ವಲ್ಪ ದಪ್ಪನೆಯ ತಂತಿ ಎಳೆದು, ಮುಂದೆ ಚಾಸಿಯ ಮೇಲೆ ಬಣ್ಣವನ್ನೂ ತುಕ್ಕನ್ನೂ ಹೆರೆದು ಹೊಳೆಯುವ ಕಬ್ಬಿಣಕ್ಕೆ ಬೋಲ್ಟಿನಿಂದ ಬಿಗಿಯಬೇಕು. ಬಿಗಿದ ಮೇಲೆ ಗ್ರೀಸು ಬಳಿಯಬೇಕು. ಹಿಂದಿನ ತೊಟ್ಟಿಯ ತುಕ್ಕು ತಗಡನ್ನು ನಂಬುವುದು ಬೇಡ. ತೂತು ಇರುವಲ್ಲೆಲ್ಲ ರಬ್ಬರು ಕೂರಿಸಬೇಕು. ತಂತಿಗಳನ್ನು ಕೊಳವೆಯೊಳಗೆ ಹಾಯಿಸಿ, ಸೈಲೆನ್ಸರಿನಿಂದ ದೂರದಲ್ಲಿ, ಚಾಸಿಯ ಒಳಬದಿಗೆ ಕಟ್ಟಬೇಕು. ಕೂಡುವ ಕಡೆ ಒತ್ತಿ ಬಿಗಿದು, ಬೆಸುಗೆ ಹಾಕಿ, ಕಾಯಿಸಿದರೆ ಕುಗ್ಗುವ ಹೊದಿಕೆ ತೊಡಿಸಬೇಕು. ಎಲ್ಲ ಕೂಡುಗಳೂ ಒಂದೇ ಜಾಗಕ್ಕೆ ಬರದಂತೆ ಹಿಂದುಮುಂದಾಗಿ ಇಡಬೇಕು. ಹೋಲ್ಡರುಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ತೇವ ತಟ್ಟುವುದಿಲ್ಲ. ಫ್ಯೂಸನ್ನು ಕಂಪನಿ ಹೇಳಿದ ಅಳತೆಗೇ ಹಾಕಬೇಕು.

ಪರೀಕ್ಷೆ ಕತ್ತಲಲ್ಲಿ ಆಗಬೇಕು, ಎಂಜಿನ್ನು ಓಡುತ್ತಿರುವಾಗ ಆಗಬೇಕು, ಎಲ್ಲ ದೀಪಗಳನ್ನೂ ಒಟ್ಟಿಗೆ ಹಾಕಿ ಆಗಬೇಕು. ಒಬ್ಬರು ಬ್ರೇಕ್ ಒತ್ತಲಿ, ಇನ್ನೊಬ್ಬರು ಐವತ್ತು ಮಾರು ಹಿಂದೆ ನಿಂತು ನೋಡಲಿ. ಹೊರೆ ತುಂಬಿದ ಮೇಲೆ ಇನ್ನೊಮ್ಮೆ ನೋಡಲಿ. ಆಮೇಲೆ ವಾರಕ್ಕೊಮ್ಮೆ ಗೋಡೆಗೆ ಬೆನ್ನು ಮಾಡಿ ಗಾಡಿ ನಿಲ್ಲಿಸಿದರೆ ಚಾಲಕ ಒಬ್ಬನೇ ಕನ್ನಡಿಯಲ್ಲಿ ಎಲ್ಲವನ್ನೂ ಕಾಣಬಹುದು.

ಎತ್ತಿನ ಗಾಡಿಯ ಕಾಲದವರಿಗೆ ಇಷ್ಟು ವಿದ್ಯೆ ಇರಲಿಲ್ಲ. ರಾತ್ರಿಯ ಪಯಣಕ್ಕೆ ಹೊರಟರೆ ಗಾಡಿಯ ಅಡಿಯಲ್ಲಿ ಲಾಟೀನು ತೂಗುಹಾಕುತ್ತಿದ್ದರು. ಎತ್ತು ದಾರಿ ಬಲ್ಲದ್ದು. ಲಾಟೀನು ಬೇಕಾಗಿದ್ದುದು ಬಹುಪಾಲು ಎದುರು ಬರುವವರಿಗೆ, ಹಿಂದೆ ಬರುವವರಿಗೆ. ತಾನು ಕಾಣುವುದಕ್ಕಿಂತ ತಾನು ಇತರರಿಗೆ ಕಾಣುವುದು ದಾರಿಹೋಕನ ಧರ್ಮವೆಂಬ ತಿಳಿವು ಆ ಸೀಮೆಎಣ್ಣೆಯ ದೀಪದಲ್ಲಿತ್ತು.

ಕೇಳಿಬರುವ ಸಮಾಧಾನಗಳು

‘ರೈತನ ಬಳಿ ದುಡ್ಡಿಲ್ಲ’ ಎಂಬುದು ಮೊದಲ ಸಮಾಧಾನ. ತೆಂಗಿನ ಸೀಮೆಯ ಸಂಕಟ ನಿಜವಾದದ್ದೇ. ನುಸಿ ಬಂತು, ಬರ ಬಂತು, ಕೊಳವೆಬಾವಿ ಬತ್ತಿದವು. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಇದ್ದರೂ ಆ ವರ್ಷದ ಆರಂಭದಲ್ಲಿ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು. ಆದರೆ 2025ರಲ್ಲಿ ದರ 20,000 ದಾಟಿ ಏರಿದಾಗ ಎಷ್ಟು ಗಾಡಿಗಳ ಹಿಂದೀಪ ಹೊತ್ತಿಕೊಂಡವು? ಎರಡು ಎಳೆಯ ಬಲ್ಬಿನ ಬೆಲೆ ಹೋಟೆಲಿನ ಒಂದು ತಿಂಡಿಯ ಬೆಲೆಯಷ್ಟು. ಇಡೀ ವೈರಿಂಗಿನ ಸಾಮಾನಿನ ಖರ್ಚು ಒಂದು ಹೊಸ ಟೈರಿನ ಬೆಲೆಯನ್ನು ಮುಟ್ಟುವುದಿಲ್ಲ. ಟೈರಿಗೆ ಸಾಲ ಹುಟ್ಟುತ್ತದೆ, ದೀಪಕ್ಕೆ ಹುಟ್ಟುವುದಿಲ್ಲ. ಟೈರಿಲ್ಲದೆ ಗಾಡಿ ಓಡದು, ದೀಪವಿಲ್ಲದೆ ಓಡುತ್ತದೆ ಎಂಬುದಷ್ಟೇ ಕಾರಣ. ಕತ್ತಲಲ್ಲಿ ಗುದ್ದಿ ಸಾಯುವವನೂ ಬಹುಪಾಲು ಬಡವನೇ, ಕೂಲಿ ಮುಗಿಸಿ ಬೈಕಿನಲ್ಲಿ ಮನೆಗೆ ಮರಳುವವನೇ ಎಂಬುದನ್ನು ಈ ಸಮಾಧಾನ ಮರೆಸುತ್ತದೆ.

ಎರಡನೆಯದು ಸರಕಾರದ ಸಮಾಧಾನ: ಹಳೆಯದೇ ತಪ್ಪು, ಗುಜರಿಗೆ ಹಾಕಿ. 2021ರ ಆಗಸ್ಟಿನಲ್ಲಿ ಪ್ರಕಟವಾದ ಗುಜರಿ ನೀತಿಯ ಧಾಟಿ ಇದು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ವಾಹನಗಳ ಕ್ಷಮತಾ ಪತ್ರದ ಶುಲ್ಕವನ್ನು ಹಲವು ಪಟ್ಟು ಏರಿಸಲಾಯಿತು. ಹಳೆಯ ಡೀಸೆಲ್ ಎಂಜಿನ್ನಿನ ಹೊಗೆ ಕೆಟ್ಟದ್ದೆಂಬುದನ್ನು ಪರಿಸರವಾದಿ ಅಲ್ಲಗಳೆಯಬಾರದು; ಅದಕ್ಕೂ ದುರಸ್ತಿ ಬೇಕು, ಪರೀಕ್ಷೆ ಬೇಕು. ಆದರೆ ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್ ಓಡುವ ಹಳ್ಳಿಯ ಗಾಡಿಯನ್ನು ಒಡೆದು, ಅದರ ಬದಲಿಗೆ ಟನ್ನುಗಟ್ಟಲೆ ಹೊಸ ಉಕ್ಕು ಕರಗಿಸುವುದು ಯಾವ ಪರಿಸರ ರಕ್ಷಣೆ? ಉಕ್ಕಿನ ಅದಿರು ಎಲ್ಲಿಂದ ಬರುತ್ತದೆಂದು ಚಿಕ್ಕನಾಯಕನಹಳ್ಳಿಯವರಿಗೆ ಬೇರೆಯವರು ಹೇಳಬೇಕಿಲ್ಲ. ಅವರ ಗುಡ್ಡಗಳನ್ನು ಅಗೆದವರನ್ನೂ ಅದಿರಿನ ಲಾರಿಗಳ ಧೂಳನ್ನೂ ಅವರು ಕಂಡಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ನಂತರ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೂ ತಡೆದದ್ದು ಅವರಿಗೆ ನೆನಪಿದೆ. ಗಾಡಿಯ ವಯಸ್ಸು ದೋಷವಲ್ಲ. ದೀಪ ಸರಿಯಿರುವ ಇಪ್ಪತ್ತು ವರ್ಷದ ಪಿಕಪ್ಪು, ಮಟ್ಟೆಯಲ್ಲಿ ದೀಪ ಮುಚ್ಚಿಕೊಂಡ ಎರಡು ವರ್ಷದ ಪಿಕಪ್ಪಿಗಿಂತ ಮೇಲು. ಆದರೆ ಈ ವಾದವನ್ನು ಗಟ್ಟಿ ದನಿಯಲ್ಲಿ ಹೇಳುವ ನೈತಿಕ ಹಕ್ಕು ಹಳೆಯ ಗಾಡಿಯ ದೀಪ ಉರಿಯುತ್ತಿದ್ದರೆ ಮಾತ್ರ ಬರುತ್ತದೆ. ಆರಿದ ಒಂದೊಂದು ಹಿಂದೀಪವೂ ಗುಜರಿ ನೀತಿಯ ಪರವಾದ ಸಾಕ್ಷಿ.

ಮೂರನೆಯದು ರಸ್ತೆಯ ಸಮಾಧಾನ. ರಾತ್ರಿ ಅಪಘಾತವಾದ ಮರುದಿನ ಏಳುವ ಕೂಗು ಒಂದೇ: ರಸ್ತೆ ಅಗಲ ಮಾಡಿ, ಸಾಲುಮರ ಕಡಿಯಿರಿ. ತುಮಕೂರು–ಶಿವಮೊಗ್ಗ ಹೆದ್ದಾರಿಯನ್ನು ಚತುಷ್ಪಥವಾಗಿಸುವ ಕೆಲಸಕ್ಕೆ ಹೋದ ಮರಗಳನ್ನು ಆ ದಾರಿಯವರು ಬಲ್ಲರು. ಅಗಲವಾದ ರಸ್ತೆಯಲ್ಲಿ ವೇಗ ಹೆಚ್ಚುತ್ತದೆ. 80ರ ವೇಗದಲ್ಲಿ ನಿಲ್ಲಲು 53 ಮೀಟರ್ ಸಾಲದು, 80ಕ್ಕಿಂತ ಹೆಚ್ಚು ಬೇಕು. ದೀಪವಿಲ್ಲದ ಗಾಡಿ ಇಕ್ಕಟ್ಟಾದ ರಸ್ತೆಗಿಂತ ಅಗಲವಾದ ರಸ್ತೆಯಲ್ಲಿ ಹೆಚ್ಚು ಅಪಾಯಕಾರಿ. ನೂರು ವರ್ಷದ ಮರಕ್ಕೆ ಕೊಡಲಿ ಹಾಕುವ ಮೊದಲು ಬಲ್ಬು ಹಾಕಿಸಿ ನೋಡೋಣವೆಂದು ಕೇಳುವವರು ಬೇಕಾಗಿದ್ದಾರೆ.

ಯಾರು ಏನು ಮಾಡಬೇಕು

ಹೊಣೆ ಚಾಲಕನೊಬ್ಬನದಲ್ಲ. ಕ್ಷಮತಾ ಪತ್ರಕ್ಕೆ ಗಾಡಿ ಒಯ್ಯುವ ದಿನ ಉರಿದು, ಮರುದಿನ ಆರುವ ದೀಪದ ನಾಟಕ ಎಲ್ಲರಿಗೂ ಗೊತ್ತಿದೆ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ವರ್ಷಕ್ಕೊಮ್ಮೆ ಪರೀಕ್ಷೆ; ಉಳಿದ 364 ದಿನ ಕೇಳುವವರಿಲ್ಲ. ಮಾರುಕಟ್ಟೆ ಪ್ರಾಂಗಣದಲ್ಲಿ ಕೊಬ್ಬರಿಯ ತೇವ ನೋಡುತ್ತಾರೆ, ಗಾತ್ರ ನೋಡುತ್ತಾರೆ, ಒಡಕು ನೋಡುತ್ತಾರೆ. ಅದನ್ನು ಹೊತ್ತು ತಂದ ಗಾಡಿಯ ಬೆನ್ನು ನೋಡುವುದಿಲ್ಲ. ಬಾಗಿಲಿನಲ್ಲಿ ಗಾಡಿಯ ನಂಬರು ಬರೆದುಕೊಳ್ಳುವವರು ‘ಒಮ್ಮೆ ಬ್ರೇಕ್ ಒತ್ತಿರಪ್ಪಾ’ ಎಂದರೆ ಅರ್ಧ ನಿಮಿಷದ ಕೆಲಸ. ನಾರಿನ ಕಾರ್ಖಾನೆಗಳು ದೀಪ ಮುಚ್ಚಿ ಒಟ್ಟಿದ ಹೊರೆಯನ್ನು ಇಳಿಸಿಕೊಳ್ಳುವುದಿಲ್ಲವೆಂದು ಒಂದು ಫಲಕ ಹಾಕಿದರೆ ಒಟ್ಟುವ ರೀತಿ ತಾನೇ ಬದಲಾದೀತು.

ಗಾಡಿ ತಯಾರಿಸುವ ಕಂಪನಿಗಳು ವೈರಿಂಗಿನ ನಕ್ಷೆಯನ್ನು ಕನ್ನಡದಲ್ಲಿ ಕೊಡಬೇಕು. ಹಳೆಯ ಮಾದರಿಗಳ ಹೋಲ್ಡರು, ಗಾಜು, ರಬ್ಬರುಗಳನ್ನು ಬಿಡಿಬಿಡಿಯಾಗಿ ಮಾರಬೇಕು. ಒಂದು ಹೋಲ್ಡರು ಹೋದರೆ ಇಡೀ ದೀಪವನ್ನೇ ಕೊಳ್ಳಬೇಕೆಂಬುದು ದುರಸ್ತಿಯನ್ನು ಕೊಲ್ಲುವ ವ್ಯಾಪಾರ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿಗೆ ಸಮಿತಿ ರಚಿಸಿತು; ಅದರ ವ್ಯಾಪ್ತಿಯಲ್ಲಿ ವಾಹನಗಳೂ ಕೃಷಿ ಯಂತ್ರಗಳೂ ಸೇರಿವೆ. ಈ ಹಕ್ಕು ನಗರದ ಮೊಬೈಲ್ ಫೋನಿಗೆ ಮಾತ್ರ ಸಂಬಂಧಿಸಿದ್ದೆಂದು ಹಳ್ಳಿಯವರು ತಿಳಿಯಬಾರದು. ಪಿಕಪ್ಪಿನ ಹೆಸರಿನಲ್ಲಿ, ಟ್ರ್ಯಾಕ್ಟರ್ ಟ್ರೇಲರಿನ ಹೆಸರಿನಲ್ಲಿ ಕೇಳಬೇಕು.

ವಿದ್ಯಾರ್ಥಿಗಳು ಮಾಡಬಹುದಾದದ್ದು ಎಲ್ಲರಿಗಿಂತ ಹೆಚ್ಚು. ಐ.ಟಿ.ಐ.ಗಳಲ್ಲಿ ವೈರಿಂಗ್ ಕಲಿಯುವವರು, ತಿಪಟೂರಿನ ತಾಂತ್ರಿಕ ಕಾಲೇಜಿನಲ್ಲಿ ಓದುವವರು ಓಮನ ನಿಯಮವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ಅದೇ ನಿಯಮ ಅವರ ಊರಿನ ಗಾಡಿಯ ತುಕ್ಕು ಹಿಡಿದ ಅರ್ತಿನಲ್ಲಿದೆ. ಹರಾಜಿನ ದಿನ ಪ್ರಾಂಗಣದ ಮೂಲೆಯಲ್ಲಿ ಒಂದು ಮೇಜು, ಒಂದು ಟೆಸ್ಟ್ ಲ್ಯಾಂಪು, ಒಂದು ಡಬ್ಬಿ ಬಲ್ಬು, ಒಂದು ಸುರುಳಿ ತಂತಿ ಇಟ್ಟುಕೊಂಡು ಕುಳಿತರೆ, ಪುಸ್ತಕದಲ್ಲಿ ಸಿಗದ ಪಾಠ ಅವರಿಗೂ, ದೀಪ ಗಾಡಿಗೂ ಸಿಗುತ್ತದೆ. ಪ್ಲಾಸ್ಟಿಕ್ ಆರಿಸುವ ಶಿಬಿರ, ಗಿಡ ನೆಡುವ ಶಿಬಿರ ನಡೆಸುವ ಸಂಘಟನೆಗಳು ಮಳೆಗಾಲಕ್ಕೆ ಮುಂಚೆ ದೀಪ ದುರಸ್ತಿಯ ಶಿಬಿರವನ್ನೂ ನಡೆಸಲಿ. ಬಯಲಿನಲ್ಲಿ ಹೇಗೋ ಮಲೆನಾಡಿನಲ್ಲಿಯೂ ಹಾಗೆ.

ಹಳೆಯ ಗಾಡಿಯನ್ನು ಉಳಿಸಿಕೊಳ್ಳಲು ಬಯಸುವವರು ಅದಕ್ಕೆ ಎರಡು ಕೆಂಪು ದೀಪಗಳ ಋಣ ತೀರಿಸಬೇಕು. ಇಂದು ಸಂಜೆ ಗಾಡಿ ನಿಲ್ಲಿಸುವ ಮುನ್ನ ಬೆನ್ನನ್ನು ಗೋಡೆಯ ಕಡೆಗೆ ತಿರುಗಿಸಿ, ದೀಪ ಹಾಕಿ, ಬ್ರೇಕ್ ಮೆಟ್ಟಿ, ಕನ್ನಡಿಯಲ್ಲಿ ನೋಡಿ. ಗೋಡೆ ಕೆಂಪಾಗದಿದ್ದರೆ ನಾಳೆ ಬೆಳಿಗ್ಗೆ ಮಾಡಬೇಕಾದ ಮೊದಲ ಕೆಲಸ ಯಾವುದೆಂದು ಹೇಳಬೇಕಾಗಿಲ್ಲ.